ಕ್ಯಾಮೆರಾಕ್ಕೊಂದು ಉಡಿದಾರ

"ಇಪ್ಪತ್ತು ರೂಪಾಯಿ ಹುರಿ ಸಾಕು ಕಣೋ, ಕೈಲಿ ಹಿಡಿದ ಕ್ಯಾಮೆರಾ ತೆಪ್ಪಗಿರುತ್ತೆ," ಅಂತ ಸೀನ ಬೈಟು ಕಾಫಿ ಕೆಳಗಿಟ್ಟ.

"ಹುರಿನಾ? ಉಡಿದಾರ ಕಟ್ಟಿದ್ರೆ ಮಗೂಗೆ ದೃಷ್ಟಿ ತಾಗಲ್ಲ ಅಂತಾರೆ. ಕ್ಯಾಮೆರಾಕ್ಕೆ ನಡುಕ ಹೆಂಗೋ ಹೋಗುತ್ತೆ?" ನಾಣಿ ಕೆಣಕಿದ.

"ಕ್ಯಾಮೆರಾ ತಳದಲ್ಲಿ ಟ್ರೈಪಾಡಿಗೆ, ಅದೇ ಮೂರು ಕಾಲಿನ ಸ್ಟ್ಯಾಂಡಿಗೆ, ಅಂತ ತೂತಿರುತ್ತಲ್ಲ, ಅದು ಕಾಲಿಂಚಿಂದು, ಇಂಚಿಗೆ 20 ಥ್ರೆಡ್ಡು, ಅಂದ್ರೆ ಸುರುಳಿ ಗೆರೆ. ಅದಕ್ಕೆ ಸರಿಯಾದ ಬೋಲ್ಟು ತಗೊಂಡು ಹುರಿ ಕಟ್ಟು. ಇನ್ನೊಂದು ತುದಿಗೆ ದೊಡ್ಡ ವಾಷರು ಕಟ್ಟಿ ಪಾದದಡಿ ತುಳಿ. ಕಣ್ಣಿನ ಎತ್ತರಕ್ಕೆ ಕ್ಯಾಮೆರಾ ಎತ್ತಿ, ಹುರಿ ತಂತಿ ಥರ ಬಿಗಿಯಾಗೋವರೆಗೂ ಮೇಲಕ್ಕೆ ಎಳಿ. ಅಷ್ಟೇ."

"ಹಾರ್ಡ್‌ವೇರ್ ಅಂಗಡೀಲಿ 6 ಎಂ.ಎಂ. ಬೋಲ್ಟೇ ಕೊಡೋದು. ನಡೆಯುತ್ತಾ?"

"ಅಲ್ಲೇ ಎಲ್ಲರೂ ಎಡವೋದು! ಒಂದೆರಡು ಸುತ್ತು ಹೋಗುತ್ತೆ, ಆಮೇಲೆ ಹಠ ಹಿಡಿಯುತ್ತೆ. ಕಾಲಿಂಚು ಅಂದ್ರೆ 6.35, ಥ್ರೆಡ್ಡಿನ ಅಂತರಾನೂ ಬೇರೆ. ಬಲವಂತ ಮಾಡಿದ್ರೆ ಕ್ಯಾಮೆರಾ ಥ್ರೆಡ್ಡೇ ಹಾಳು. ಸರಿಯಾದ ಬೋಲ್ಟೇ ಆದ್ರೂ 5 ಎಂ.ಎಂ.ಗಿಂತ ಒಳಗೆ ಬಿಡಬೇಡ, ತಳ ಒತ್ತುತ್ತೆ. ಮಧ್ಯೆ ನಟ್ಟು ಹಾಕಿ ತಡೆ."

"ಹುರಿ ನೈಲಾನಾ?" ಅಂದ ಗುಂಡಣ್ಣ.

"ಬೇಡ ಗುಂಡಣ್ಣ. ನೈಲಾನ್ ಎಳೆದಷ್ಟೂ ಹಿಗ್ಗುತ್ತೆ, ಕ್ಯಾಮೆರಾ ಸ್ಪ್ರಿಂಗ್ ಮೇಲೆ ಕೂತಂಗೆ ಕುಣಿಯುತ್ತೆ. ಹತ್ತಿ ಹುರಿ ತಗೊಳ್ಳಿ. ಒಂಟಿ ಹುರಿ ಮೇಲೆ-ಕೆಳಗಿನ ಅಲುಗಾಟ ಮಾತ್ರ ತಡೆಯುತ್ತೆ. ಅಕ್ಕಪಕ್ಕದ ಓಲಾಟಕ್ಕೆ ದುಪ್ಪಟ್ಟು ಉದ್ದದ ಕುಣಿಕೆ ಮಾಡಿ ಎರಡೂ ಪಾದದಲ್ಲಿ ತುಳಿದು, ಕಾಲು ಅಗಲಿಸಿ ನಿಲ್ಲಿ. ತ್ರಿಕೋನ ಆಗುತ್ತೆ."

"ಲಾಭ ಎಷ್ಟು ಹೇಳು, ಪುರಾಣ ಬೇಡ," ಅಂದ ನಾಣಿ.

"ಕೈಲಿ ಹಿಡಿದು ತೆಗೆದ್ರೆ ಚಿತ್ರ ಮಸುಕಾಗದಿರೋಕೆ 50 ಎಂ.ಎಂ. ಲೆನ್ಸಿಗೆ ಶಟರ್ 1/50 ಸೆಕೆಂಡಲ್ಲಿ ಮುಚ್ಚಬೇಕು ಅನ್ನೋದು ಹಳೇ ಲೆಕ್ಕ. ಒಳಗೆ ಬೆಳಕು ಹಿಡಿಯೋ ಸೆನ್ಸರು ಸಣ್ಣದಾದ್ರೆ 1/80. ಹುರಿ ಇದ್ರೆ 1/20ರ ಆಸುಪಾಸು ಪ್ರಯತ್ನ ಮಾಡಬಹುದು. ಮೈಸೂರು ಅರಮನೆ ದೀಪಾನ 2 ಸೆಕೆಂಡು ಹಿಡೀತೀನಿ ಅಂದ್ರೆ ಉಡಿದಾರ ಅಲ್ಲ, ಹಗ್ಗ ಕಟ್ಟಿದ್ರೂ ಆಗಲ್ಲ. ಕಟ್ಟೆ ಮೇಲೆ ಅಕ್ಕಿ ಚೀಲ ಹಾಕಿ ಕ್ಯಾಮೆರಾ ಕೂರಿಸು. ಚೀಲ ಮುಕ್ಕಾಲು ಮಾತ್ರ ತುಂಬು. ಬಿರಿಯೋ ಹಂಗೆ ತುಂಬಿದ್ರೆ ಕ್ಯಾಮೆರಾ ಉರುಳುತ್ತೆ. 2 ಸೆಕೆಂಡ್ ಟೈಮರ್ ಹಾಕಿ ಕೈ ತೆಗಿ."

"ಹಿಂದಿನ ಪರದೇಲಿ ನೋಡ್ಕೊಂಡು ತೆಗೆದ್ರೆ?"

"ಕೈ ಚಾಚಿ ಮಂಗಳಾರತಿ ತಟ್ಟೆ ಹಿಡಿದಂಗೆ! ಎಲ್ಲಾ ನಡುಕ ಅಲ್ಲಿಂದಲೇ. ನಿಂತು ತೆಗೆಯೋವಾಗ ವ್ಯೂಫೈಂಡರನ್ನ, ಅದೇ ಕಣ್ಣಿಟ್ಟು ನೋಡೋ ಕಿಂಡೀನ, ಹುಬ್ಬಿಗೆ ಒತ್ತು. ಎರಡು ಕೈ, ಒಂದು ಹಣೆ: ಮೂರು ಕಾಲಾಯ್ತಲ್ಲ. ಅರ್ಧ ಉಸಿರು ಬಿಟ್ಟು ಬಟನ್ ಮೆಲ್ಲಗೆ ಅದುಮು, ಕುಟ್ಟಬೇಡ."

"ನಡೀತಾ ವಿಡಿಯೋ ಮಾಡೋದಾದ್ರೆ?"

ಸೀನನಿಗೆ ಇದೇ ಬೇಕಿತ್ತು. "ಆಗ ಪೂರಾ ಉಲ್ಟಾ! ಹೆಜ್ಜೆ ಹಾಕೋವಾಗ ತಲೆಯೇ ಭೂಕಂಪ. ಕಣ್ಣು ಕ್ಯಾಮೆರಾಕ್ಕೆ ತಾಗಲೇಬಾರದು. ನಡೀತಾ ತೆಗೆದ್ರೂ ಕ್ಯಾಮೆರಾ ಅಲುಗದಂಗೆ ಕಂಬದ ಮೇಲೆ ಕೂರಿಸೋ ಸಾಧನ ಇದೆಯಲ್ಲ, ಸ್ಟೆಡಿಕ್ಯಾಮ್, ಅದನ್ನ ಕಂಡುಹಿಡಿದ ಗ್ಯಾರೆಟ್ ಬ್ರೌನಿಗೂ 1970ರ ದಶಕದಲ್ಲಿ ಇದೇ ತಲೆನೋವು. ಮೊದಲು ಫೈಬರ್ ಆಪ್ಟಿಕ್, ಅಂದ್ರೆ ಗಾಜಿನೆಳೆಯ, ಕೇಬಲ್ಲಲ್ಲಿ ಚಿತ್ರಾನ ಕಣ್ಣಿನ ಹತ್ರ ತಂದ. ಆಮೇಲೆ ಪುಟ್ಟ ಟಿವಿಯನ್ನೇ ಕಂಬದ ಬುಡಕ್ಕೆ ಹಾಕಿದ. ನೋಡೋಕೂ ಆಯ್ತು, ತೂಕಕ್ಕೂ ಆಯ್ತು."

"ತೂಕ ಯಾಕೆ?"

"ತಕ್ಕಡಿ ಲೆಕ್ಕ. ಕಂಬದ ಮೇಲೆ 1 ಕೆಜಿ ಕ್ಯಾಮೆರಾ, ಕೈ ಹಿಡಿಕೆಯಿಂದ 10 ಸೆಂ.ಮೀ. ದೂರ ಇದ್ರೆ, ಕೆಳಗೆ ಮಾನಿಟರು (ಅದೇ ಪುಟ್ಟ ಟಿವಿ), ಬ್ಯಾಟರಿ ಸೇರಿ ಅರ್ಧ ಕೆಜಿ, 20 ಸೆಂ.ಮೀ. ದೂರ. ಬುಡ ಕೂದಲೆಳೆಯಷ್ಟು ಭಾರ ಇರಲಿ. ಕಂಬ ಅಡ್ಡ ಹಿಡಿದು ಬಿಟ್ರೆ ನೆಟ್ಟಗಾಗೋಕೆ 2-3 ಸೆಕೆಂಡು ಹಿಡೀಬೇಕು. ಫಟ್ ಅಂತ ಇಳಿದ್ರೆ ಬುಡ ಭಾರ. ನೀನು ನಿಂತಾಗಲೆಲ್ಲ ಗಡಿಯಾರದ ಲೋಲಕ ಆಡುತ್ತೆ. ಮಾನಿಟರ್ ಕೇಬಲ್ಲು ತೆಳ್ಳಗೆ, ಮೆತ್ತಗೆ ಇರಲಿ. ದಪ್ಪ ಕೇಬಲ್ಲು ಸುಮ್ನೆ ಪಕ್ಕಕ್ಕೆ ಜಗ್ಗುತ್ತೆ."

"ಬಿಸಿಲಲ್ಲಿ ಮಾನಿಟರಲ್ಲಿ ನನ್ನ ಮುಖಾನೇ ಕಾಣುತ್ತಲ್ಲ," ಅಂದ ಗುಂಡಣ್ಣ.

"ಪರದೆ ಹೊಳಪು 1000 ನಿಟ್ಸ್ (ಹೊಳಪಿನ ಅಳತೆ) ಇರೋದು ತಗೊಳ್ಳಿ. ಇಲ್ಲಾಂದ್ರೆ ಕಪ್ಪು ರಟ್ಟಿನ ಕೊಡೆ ಮಾಡಿ, ಒಳಗಡೆ ಹೊಳಪಿಲ್ಲದ ಕಪ್ಪು ಕಾಗದ ಅಂಟಿಸಿ."

"ಕಣ್ಣು ಮಾನಿಟರ್ ಮೇಲೆ ನೆಟ್ರೆ, ಚಾಮುಂಡಿ ಬೆಟ್ಟದ ಮೆಟ್ಟಿಲು ಯಾರಪ್ಪಾ ನೋಡೋದು?"

"ಹಿಂದೆ ಇನ್ನೊಬ್ಬ ಸೊಂಟ ಹಿಡ್ಕೊಂಡು ದಾರಿ ತೋರಿಸ್ತಾನೆ."

ನಾಣಿ ಲೋಟ ಖಾಲಿ ಮಾಡಿದ. "ಅದಕ್ಕೇ ಹೇಳಿದ್ದು, ಉಡಿದಾರ ಕಟ್ಟಬೇಕಾಗಿದ್ದು ಕ್ಯಾಮೆರಾಕ್ಕಲ್ಲ, ನಿನಗೆ. ಹಿಡ್ಕೊಳ್ಳೋಕೆ ಅನುಕೂಲ."