ಅಲ್ಸಾಸ್‌ನ ಗಿರಣಿ ಮನೆತನ: 1800ರ ಹಿಂದಕ್ಕೆ ದಾರಿ ಸಿಗುತ್ತಿಲ್ಲ

ಮೂಲಶೋಧ (ಪ್ರಶ್ನೆ)

ಫ್ರಾನ್ಸಿನ ಅಲ್ಸಾಸ್, ಬಾ-ರೇನ್ ಜಿಲ್ಲೆ, ಬೂಕ್ಸ್‌ವಿಲರ್ ಆಸುಪಾಸಿನ ಒಂದು ಹಳ್ಳಿ. ನೀರಿನ ಗಿರಣಿ ನಡೆಸುತ್ತಿದ್ದ ಲುಥೆರನ್ (ಪ್ರಾಟೆಸ್ಟೆಂಟ್) ಕುಟುಂಬ. ಸಿಕ್ಕಿರುವ ದಾಖಲೆ ಇಷ್ಟೇ:

ಗಿರಣಿ ನಡೆಸುತ್ತಿದ್ದ ಹಿರಿಯರ 1831ರ ಮರಣ ದಾಖಲೆ. ವಯಸ್ಸು 62, ಕಸುಬು ಹಿಟ್ಟಿನ ಗಿರಣಿ, ಹೆಂಡತಿಯ ಹೆಸರಿದೆ. ತಂದೆ-ತಾಯಿ ಯಾರೆಂದು ಬರೆದಿಲ್ಲ. ಮೊದಲ ಮಗು ಅದೇ ಹಳ್ಳಿಯಲ್ಲಿ 1800ರ ಏಪ್ರಿಲ್‌ನಲ್ಲಿ ಹುಟ್ಟಿದೆ.

ಮದುವೆಗಾಗಿ 1795ರಿಂದ 1800ರವರೆಗೆ ಹಳ್ಳಿಯ ಪುಸ್ತಕ ನೋಡಿಯಾಯಿತು. ಹುಟ್ಟಿಗಾಗಿ 1765–1773ರ ಚರ್ಚ್ ಪುಸ್ತಕವನ್ನು ಪುಟ ಬಿಡದೆ ಓದಿಯಾಯಿತು. ಎರಡೂ ಇಲ್ಲ. ಆ ಮನೆಹೆಸರೇ 1790ಕ್ಕೆ ಮುಂಚೆ ಆ ಊರಲ್ಲಿ ಕಾಣುವುದಿಲ್ಲ. ಅಂತರ್ಜಾಲದ ಒಂದು ವಂಶವೃಕ್ಷದಲ್ಲಿ ಇವರನ್ನು ಕ್ಯಾಥೊಲಿಕ್ ಹಳ್ಳಿಯೊಂದರ ‘ಮೋಲಿಟರ್’ ಮನೆತನಕ್ಕೆ ಸೇರಿಸಿ, ಮೂಲ ಸ್ವಿಟ್ಜರ್ಲೆಂಡ್ ಎಂದು ಬರೆದಿದ್ದಾರೆ, ಆಧಾರ ಕೊಟ್ಟಿಲ್ಲ. ಎಲ್ಲಿಂದ ಶುರು ಮಾಡಬೇಕು?

ಕಡತಪ್ರೇಮಿ

ಮದುವೆ ಸಿಗದಿರುವುದಕ್ಕೆ ಕಾರಣ ಬಹುಮಟ್ಟಿಗೆ ಒಂದೇ. 1798ರ ಸೆಪ್ಟೆಂಬರ್‌ನಿಂದ 1800ರವರೆಗೆ, ಅಂದರೆ ಫ್ರೆಂಚ್ ಕ್ರಾಂತಿ ಪಂಚಾಂಗದ 7 ಮತ್ತು 8ನೇ ವರ್ಷಗಳಲ್ಲಿ, ಫ್ರಾನ್ಸಿನಲ್ಲಿ ಮದುವೆ ನಡೆಯುತ್ತಿದ್ದದ್ದು ಹಳ್ಳಿಯಲ್ಲಲ್ಲ, ಕ್ಯಾಂಟನ್ (ಹಲವು ಹಳ್ಳಿಗಳ ಆಡಳಿತ ವಿಭಾಗ) ಕೇಂದ್ರದಲ್ಲಿ. ಆ ಪಂಚಾಂಗದಲ್ಲಿ ವಾರಕ್ಕೆ ಹತ್ತು ದಿನ, ಹತ್ತನೇ ದಿನದ ಹಬ್ಬಕ್ಕೆ ಎಲ್ಲ ಹಳ್ಳಿಗಳ ಜೋಡಿಗಳನ್ನೂ ಅಲ್ಲಿಗೇ ಕರೆಸಿ ದಾಖಲು ಮಾಡುತ್ತಿದ್ದರು. ಮೊದಲ ಮಗು 1800ರ ಏಪ್ರಿಲ್‌ನಲ್ಲಿ ಹುಟ್ಟಿದೆಯೆಂದರೆ ಮದುವೆ ಈ ಅವಧಿಯಲ್ಲೇ ಆಗಿರುವ ಸಂಭವ ಹೆಚ್ಚು. ಕೇಂದ್ರ ಊರಿನ ಪುಸ್ತಕ ತೆರೆಯಿರಿ. ಆದರೆ ಇವತ್ತಿನ ಕ್ಯಾಂಟನ್ ಪಟ್ಟಿ ನಂಬಬೇಡಿ: 1801ರಲ್ಲಿ ಕ್ಯಾಂಟನ್‌ಗಳನ್ನು ಕಡಿಮೆ ಮಾಡಿ ಗಡಿ ಬದಲಿಸಿದರು. ಅದಕ್ಕೆ ಹಿಂದಿನ ಪಟ್ಟಿಯಲ್ಲಿ ಆ ಹಳ್ಳಿ ಯಾವುದಕ್ಕೆ ಸೇರಿತ್ತೆಂದು ನೋಡಿಕೊಳ್ಳಬೇಕು.

ಜನನ, ಮದುವೆ, ಮರಣ ಪುಸ್ತಕಗಳ ಚಿತ್ರಗಳು ಅಲ್ಸಾಸ್ ಆರ್ಕೈವ್ಸ್ ಜಾಲತಾಣದಲ್ಲಿ ಉಚಿತವಾಗಿವೆ. ಟಾಬ್ಲ್ ದೆಸೆನಾಲ್ ಎಂಬ ಹತ್ತು ವರ್ಷದ ಸೂಚಿ ಮೊದಲು ನೋಡಿದರೆ ಸಮಯ ಉಳಿಯುತ್ತದೆ. ಆದರೆ ಅದು ಊರಿಗೊಂದರಂತೆ ಇರುವುದರಿಂದ ಊರು ತಪ್ಪಿದರೆ ಸೂಚಿಯೂ ಕೈಕೊಡುತ್ತದೆ.

‘62 ವರ್ಷ’ ಎಂಬುದನ್ನು ಅಕ್ಷರಶಃ ಹಿಡಿಯಬೇಡಿ. ಸತ್ತವರ ವಯಸ್ಸು ಹೇಳುವವರು ಮಗ ಅಥವಾ ನೆರೆಯವರು, ಐದು ವರ್ಷ ಹೆಚ್ಚುಕಡಿಮೆ ಆಗುವುದು ಮಾಮೂಲು. 1762ರಿಂದ 1776ರವರೆಗೆ ಹುಡುಕಿ.

ಇನ್ನೊಂದು ಒಳದಾರಿ ಇದೆ. ಮಕ್ಕಳ ಮದುವೆ ದಾಖಲೆಗಳನ್ನೆಲ್ಲ ಓದಿ, ಅದರಲ್ಲೂ 1831ರ ನಂತರದವನ್ನು. ಫ್ರೆಂಚ್ ಸಿವಿಲ್ ಕೋಡ್ ಪ್ರಕಾರ ವಧು ಅಥವಾ ವರನ ತಂದೆ-ತಾಯಿ ಇಬ್ಬರೂ ತೀರಿಹೋಗಿದ್ದರೆ ಅಜ್ಜ-ಅಜ್ಜಿಯ ಒಪ್ಪಿಗೆ ಕೇಳಬೇಕಿತ್ತು. ಹಾಗಾಗಿ ಅಜ್ಜ ಯಾವ ಊರಲ್ಲಿ ಯಾವಾಗ ತೀರಿಕೊಂಡರು ಎಂಬ ವಿವರ ಮೊಮ್ಮಗನ ಮದುವೆಯಲ್ಲಿ ಸಿಕ್ಕಿಬಿಡಬಹುದು. ಸಾಕ್ಷಿಗಳ ಹೆಸರನ್ನೂ ಬಿಡಬೇಡಿ. ವಯಸ್ಸು, ಕಸುಬು, ಊರು, ನೆಂಟಸ್ತಿಕೆ ಎಲ್ಲವೂ ಬರೆದಿರುತ್ತದೆ, ಬೇರೆ ಊರಿನ ಗಿರಣಿಯವರೊಬ್ಬರು ‘ಚಿಕ್ಕಪ್ಪ’ ಎಂದು ಸಹಿ ಹಾಕಿದ್ದರೆ ಮುಂದಿನ ಊರು ಅದೇ.

ಕಾಲುವೆಬದಿ

ಮದುವೆಯ ವಿಷಯ ಕಡತಪ್ರೇಮಿ ಸರಿಯಾಗಿ ಹೇಳಿದ್ದಾರೆ. ಹುಟ್ಟಿನ ವಿಷಯಕ್ಕೆ ಬರುತ್ತೇನೆ.

ರೈತ ಕುಟುಂಬವಾಗಿದ್ದರೆ ಹೆಸರು ಅದೇ ಊರಿನಲ್ಲಿ ತಲೆಮಾರುಗಟ್ಟಲೆ ಸಿಗುತ್ತದೆ. ಗಿರಣಿಯವರು ಹಾಗಲ್ಲ. ಕ್ರಾಂತಿಗೆ ಮುಂಚೆ ಗಿರಣಿ ಸಾಮಾನ್ಯವಾಗಿ ಒಡೆಯನದ್ದು, ಮಠದ್ದು ಇಲ್ಲವೇ ಊರಿನದ್ದು. ನಡೆಸುವವನು ಗೇಣಿದಾರ. ಗೇಣಿಯಲ್ಲಿ ಎರಡು ಬಗೆ. ಎರ್ಬ್‌ಲೇಹೆನ್ ಎಂದರೆ ನಮ್ಮ ಮೂಲಗೇಣಿಯ ಹಾಗೆ, ತಂದೆಯಿಂದ ಮಗನಿಗೆ ಅಥವಾ ಅಳಿಯನಿಗೆ ಹೋಗುತ್ತದೆ. ಇನ್ನೊಂದು ವಾಯಿದೆ ಗೇಣಿ, ಮೂರು, ಆರು, ಒಂಬತ್ತು ವರ್ಷದ್ದು. ವಾಯಿದೆ ಮುಗಿದಾಗ ಬೇರೆಯವರು ಹೆಚ್ಚು ಕೊಡುತ್ತೇವೆಂದರೆ ಕುಟುಂಬ ಗಂಟುಮೂಟೆ ಕಟ್ಟಿಕೊಂಡು ಮುಂದಿನ ಹೊಳೆಗೆ. ಒಬ್ಬನೇ ಗಿರಣಿಯವನ ಮಕ್ಕಳು ಮೂರು ಊರುಗಳ ಪುಸ್ತಕದಲ್ಲಿ ಹಂಚಿಹೋಗಿದ್ದರೆ ಆಶ್ಚರ್ಯಪಡಬೇಕಿಲ್ಲ. ಆದ್ದರಿಂದ ಮನೆಹೆಸರಿಗಿಂತ ಮೊದಲು ಗಿರಣಿಯ ಚರಿತ್ರೆ ಹಿಡಿಯಿರಿ.

18ನೇ ಶತಮಾನದ ಕಸಿನಿ ನಕ್ಷೆ ಫ್ರೆಂಚ್ ಸರ್ಕಾರದ ನಕ್ಷೆ ತಾಣದಲ್ಲಿದೆ, ನೀರಿನ ಗಿರಣಿಗಳಿಗೆ ಹಲ್ಲಿನ ಚಕ್ರದಂಥ ಚಿಹ್ನೆ. ಮೋಡರ್, ಝೋರ್ನ್, ಝಿನ್ಸೆಲ್ ಹೊಳೆಗಳ ಉದ್ದಕ್ಕೂ, ಊರಿನಿಂದ ಸುಮಾರು 20 ಕಿ.ಮೀ. ಒಳಗಿನ ಗಿರಣಿಗಳನ್ನೆಲ್ಲ ಪಟ್ಟಿ ಮಾಡಿ. ಪ್ರತಿಯೊಂದಕ್ಕೂ ಎರಡು ವಿಷಯ ಬರೆದುಕೊಳ್ಳಿ: ಯಾವ ಊರಿನ ಎಲ್ಲೆಯೊಳಗಿದೆ, ಯಾವ ಚರ್ಚು ಹತ್ತಿರ. ಹೊಳೆಯೇ ಎಷ್ಟೋ ಕಡೆ ಎರಡು ಊರುಗಳ ಗಡಿ. ಗಿರಣಿ ಒಂದು ಊರಿನ ಎಲ್ಲೆಯಲ್ಲಿದ್ದು, ಮಗುವಿನ ದೀಕ್ಷಾಸ್ನಾನ ಆಚೆ ದಡದ ಚರ್ಚಿನಲ್ಲಿ ಆಗಿರಬಹುದು. ಹುಡುಕುವವರು ಹೆಚ್ಚಾಗಿ ಎಡವುವುದು ಇಲ್ಲೇ.

ಬೂಕ್ಸ್‌ವಿಲರ್ ಸೀಮೆ ಹಾನಾವ್-ಲಿಖ್ಟೆನ್‌ಬೆರ್ಗ್ ಕೌಂಟ್‌ಗಳದ್ದು (ಸಾಮಂತ ಒಡೆಯರು), 1736ರಿಂದ ಹೆಸ್ಸೆ-ಡಾರ್ಮ್‌ಸ್ಟಾಟ್ ಮನೆತನದ್ದು. ಅವರ ಕಡತಗಳು ಸ್ಟ್ರಾಸ್‌ಬುರ್ಗ್‌ನಲ್ಲಿ ‘ಇ’ ಶ್ರೇಣಿಯಲ್ಲಿವೆ (ಆರ್ಕೈವ್ಸ್ ಕಡತಗಳನ್ನು ಅಕ್ಷರದ ಪ್ರಕಾರ ವಿಂಗಡಿಸಿರುತ್ತಾರೆ), ಒಂದು ಭಾಗ ಜರ್ಮನಿಯ ಡಾರ್ಮ್‌ಸ್ಟಾಟ್ ಆರ್ಕೈವ್ಸ್‌ನಲ್ಲಿದೆ. ಗಿರಣಿ ಮಠದ್ದಾಗಿದ್ದರೆ ‘ಎಚ್’ ಶ್ರೇಣಿ, ಬಿಷಪ್ಪರದ್ದಾಗಿದ್ದರೆ ‘ಜಿ’. ಗೇಣಿಪತ್ರದಲ್ಲಿ ಹಳೆಯ ಗೇಣಿದಾರ, ಹೊಸಬ, ಹೊಸಬನ ಊರು, ಹೊಣೆ ನಿಂತವರು, ವರ್ಷಕ್ಕೆ ಎಷ್ಟು ಫೀರ್ಟೆಲ್ (ಹಳೆಯ ಅಳತೆ) ಧಾನ್ಯ, ಚಕ್ರ ಮತ್ತು ಬೀಸುಕಲ್ಲಿನ ದುರಸ್ತಿ ಯಾರ ಪಾಲಿಗೆ ಎಂಬುದೆಲ್ಲ ಇರುತ್ತದೆ. ಹೊಣೆ ನಿಂತವನು ಸಾಮಾನ್ಯವಾಗಿ ತಂದೆ, ಮಾವ ಅಥವಾ ಅಣ್ಣ.

1790ರ ದಶಕದಲ್ಲಿ ಈ ಗಿರಣಿಗಳು ರಾಷ್ಟ್ರದ ಆಸ್ತಿಯೆಂದು ಹರಾಜಾದವು, ಆ ಕಡತ ‘ಕ್ಯೂ’ ಶ್ರೇಣಿ. ಮನೆಹೆಸರು 1790ರ ಸುಮಾರಿಗೇ ಊರಿಗೆ ಬಂದಿರುವುದರಿಂದ ಕೊಂಡವರು ಯಾರೆಂದು ಅಲ್ಲಿ ನೋಡಲೇಬೇಕು. ‘ಎಸ್’ ಶ್ರೇಣಿಯ ಜಲ ಕಡತವನ್ನೂ ತರಿಸಿ. 1798ರ ಮಾರ್ಚ್‌ನ ಆದೇಶದಲ್ಲಿ ಗಿರಣಿ, ಅಣೆಕಟ್ಟುಗಳ ಹಕ್ಕುಪತ್ರ ತೋರಿಸಬೇಕೆಂದು ಮಾಲೀಕರಿಗೆ ಹೇಳಿತ್ತು. ಆಮೇಲೆ ಅಣೆಯ ಎತ್ತರದ ಬಗ್ಗೆ ನೆರೆಯವರ ಜೊತೆ ತಕರಾರಾದಾಗಲೂ ಹಳೆಯ ಪತ್ರಗಳ ನಕಲು ಇದೇ ಕಡತ ಸೇರುತ್ತಿತ್ತು. ಎಷ್ಟೋ ಬಾರಿ ಮೂಲ ಕಳೆದುಹೋಗಿ ನಕಲು ಮಾತ್ರ ಉಳಿದಿರುತ್ತದೆ.

ಹಳೆಯಕ್ಷರ

ಓದುವ ತೊಡಕುಗಳ ಬಗ್ಗೆ ಸ್ವಲ್ಪ.

ಮೊದಲು ಮೋಲಿಟರ್. ಲ್ಯಾಟಿನ್‌ನಲ್ಲಿ ಅದರ ಅರ್ಥವೇ ಗಿರಣಿಯವನು. ಕ್ಯಾಥೊಲಿಕ್ ಪಾದ್ರಿಗಳು ಲ್ಯಾಟಿನ್‌ನಲ್ಲಿ ಬರೆಯುತ್ತಿದ್ದರಿಂದ ಅದು ಕಸುಬೂ ಆಗಿರಬಹುದು, ಮ್ಯುಲ್ಲರ್ ಎಂಬ ಮನೆಹೆಸರಿನ ಅನುವಾದವೂ ಆಗಿರಬಹುದು, ನಿಜಕ್ಕೂ ಮೋಲಿಟರ್ ಎಂಬ ಮನೆಹೆಸರೂ ಆಗಿರಬಹುದು. ಒಂದೇ ನಮೂದಿನಿಂದ ತೀರ್ಮಾನಿಸಲಾಗದು. ಅದೇ ದಂಪತಿಯ ಎಲ್ಲ ಮಕ್ಕಳ ನಮೂದುಗಳನ್ನು ಸಾಲಾಗಿಟ್ಟು ನೋಡಿ. ಪಾದ್ರಿ ಬದಲಾದಾಗ ಪದ ಬದಲಾದರೆ ಅದು ಕಸುಬು ಅಥವಾ ಅನುವಾದ. ಆ ವಂಶವೃಕ್ಷದ ಕೊಂಡಿಯನ್ನು ಸದ್ಯಕ್ಕೆ ಪಕ್ಕಕ್ಕಿಡಿ.

ಲುಥೆರನ್ ಪುಸ್ತಕಗಳು ಜರ್ಮನ್‌ನಲ್ಲಿ, ಕುರೆಂಟ್ ಎಂಬ ಹಳೆಯ ಕೈಬರಹದ ಲಿಪಿಯಲ್ಲಿ. ಅದರಲ್ಲಿ ‘ಇ’ ಮತ್ತು ‘ಎನ್’ ಒಂದೇ ಥರ ಕಾಣುತ್ತವೆ, ಮನೆಹೆಸರು ತಪ್ಪಿ ಓದಲು ಅಷ್ಟು ಸಾಕು. ಹೆಂಗಸರ ಮನೆಹೆಸರಿಗೆ ‘ಇನ್’ ಸೇರುತ್ತದೆ: ಮ್ಯುಲ್ಲರಿನ್ ಎಂದರೆ ತವರಿನ ಹೆಸರು ಮ್ಯುಲ್ಲರ್. ತಿಂಗಳುಗಳಲ್ಲಿ 7ಬ್ರಿಸ್ ಎಂದರೆ ಸೆಪ್ಟೆಂಬರ್, 8ಬ್ರಿಸ್ ಅಕ್ಟೋಬರ್. ಜುಲೈ, ಆಗಸ್ಟ್ ಎಂದು ಓದಿದರೆ ಎರಡು ತಿಂಗಳು ತಪ್ಪುತ್ತದೆ. ಡೀಬೋಲ್ಡ್, ಥಿಯೋಬಾಲ್ಡುಸ್, ತಿಯೆಬೋ ಮೂರೂ ಒಂದೇ ಹೆಸರು.

ಕಸುಬಿನ ಪದಗಳು: ಬೆಷ್ಟೆಂಡರ್ ಎಂದರೆ ಗೇಣಿದಾರ, ಮ್ಯುಲ್‌ಕ್ನೆಖ್ಟ್ ಎಂದರೆ ಗಿರಣಿಯ ಕೆಲಸದಾಳು, ಸೇಗ್‌ಮ್ಯುಲ್ಲರ್ ಎಂದರೆ ಮರ ಕೊಯ್ಯುವ ಗಿರಣಿಯವನು. ಮ್ಯುಲ್‌ಆರ್ಟ್ಸ್ಟ್ ಎಂದರೆ ಅಕ್ಷರಕ್ಕೆ ‘ಗಿರಣಿ ವೈದ್ಯ’, ಯಂತ್ರ ಕಟ್ಟಿ ದುರಸ್ತಿ ಮಾಡುವ ಬಡಗಿ. ಇದನ್ನು ವೈದ್ಯನೆಂದೇ ಬರೆದುಕೊಂಡಿರುವ ವಂಶವೃಕ್ಷಗಳೂ ಇವೆ.

ಸ್ವಿಟ್ಜರ್ಲೆಂಡ್ ವಿಷಯ ಅಸಂಭವವೇನಲ್ಲ. ಮೂವತ್ತು ವರ್ಷಗಳ ಯುದ್ಧ 1648ರಲ್ಲಿ ಮುಗಿಯುವ ಹೊತ್ತಿಗೆ ಈ ಸೀಮೆ ಖಾಲಿಯಾಗಿತ್ತು, ಬೆರ್ನ್, ಜ್ಯೂರಿಖ್ ಕಡೆಯಿಂದ ಜನ ಬಂದು ನೆಲೆಸಿದರು. ಆದರೆ ಪುರಾವೆ ಬೇಕೆಂದರೆ 1650–1720ರ ನಡುವಿನ ಮದುವೆ ಅಥವಾ ಸಾವಿನ ನಮೂದಿನಲ್ಲಿ ಸ್ವಿಸ್ ಊರಿನ ಹೆಸರೇ ಇರಬೇಕು. ಬರೀ ‘ಬೆರ್ನ್ ಸೀಮೆಯವನು’ ಎಂದಿದ್ದರೆ ಅಲ್ಲಿ ಹುಡುಕಲು ಹಿಡಿ ಸಿಗುವುದಿಲ್ಲ.

ಮೂಲಶೋಧ

ಧನ್ಯವಾದ. ಕ್ಯಾಂಟನ್ ಕೇಂದ್ರದ ಪುಸ್ತಕದಲ್ಲಿ 7ನೇ ವರ್ಷದ ಮದುವೆ ಸಿಕ್ಕಿತು. ವರನ ತಂದೆ ಝೋರ್ನ್ ಕಣಿವೆಯ ಒಂದು ಗಿರಣಿಯವರು, ತೀರಿಹೋಗಿದ್ದಾರೆ ಎಂದಿದೆ. ಆ ಊರಿನ ಲುಥೆರನ್ ಪುಸ್ತಕದಲ್ಲಿ ಅಣ್ಣ-ತಂಗಿಯರ ಹುಟ್ಟು ಇದೆ, ಇವರದ್ದು ಮಾತ್ರ ಇಲ್ಲ.

ಕಾಲುವೆಬದಿ

ಹುಟ್ಟಿನ ನಮೂದಿಗಾಗಿ ಕಾಯಬೇಡಿ, ತಂದೆಯ ಆಸ್ತಿಪಟ್ಟಿ ಹುಡುಕಿ. ಆ ಸೀಮೆಯ ನೋಟರಿ ಕಡತಗಳಲ್ಲಿ ‘ಇನ್ವೆಂಟಾರಿಯುಮ್’ ಮತ್ತು ‘ಟೈಲುಂಗ್’, ಅಂದರೆ ಸತ್ತ ನಂತರದ ಆಸ್ತಿಪಟ್ಟಿ ಮತ್ತು ಪಾಲುಪತ್ರ ಇರುತ್ತವೆ. ವಾರಸುದಾರ ಮಕ್ಕಳ ಹೆಸರು, ವಯಸ್ಸು, ಇರುವ ಊರು, ಚಿಕ್ಕವರಾದರೆ ಪೋಷಕ ಯಾರು ಎಂಬುದು ಮೊದಲ ಪುಟದಲ್ಲೇ ಬರುತ್ತದೆ. ತಂದೆ ಮತ್ತು ಮಗನ ಸಂಬಂಧಕ್ಕೆ ದೀಕ್ಷಾಸ್ನಾನದ ನಮೂದಿನಷ್ಟೇ ಗಟ್ಟಿ ದಾಖಲೆ ಇದು. ನೋಟರಿ ಸೂಚಿಯನ್ನು ತಂದೆಯ ಸಾವಿನ ವರ್ಷದಿಂದ ಮುಂದಕ್ಕೆ ಎರಡು ವರ್ಷ ನೋಡಿ. ತಾಯಿ ಮರುಮದುವೆ ಮಾಡಿಕೊಂಡಿದ್ದರೆ ಪಟ್ಟಿ ಆ ಮದುವೆಗೆ ಸ್ವಲ್ಪ ಮುಂಚಿನ ತಾರೀಖಿನಲ್ಲಿರುತ್ತದೆ. ಗಿರಣಿಯ ವಿಧವೆಯರು ತಡಮಾಡದೆ ಮರುಮದುವೆಯಾಗುತ್ತಿದ್ದರು, ಗಂಡಸಿಲ್ಲದೆ ಗೇಣಿ ಉಳಿಸಿಕೊಳ್ಳುವುದು ಕಷ್ಟವಾಗಿತ್ತು. ಎರಡನೇ ಗಂಡನೂ ಗಿರಣಿಯವನೇ ಆಗಿದ್ದರೆ ಅವನು ಹಿಂದೆ ಇದ್ದ ಊರನ್ನೂ ನೋಡಿ.

ಹಳೆಯಕ್ಷರ

ಜೊತೆಗೆ ಅದೇ ಊರಿನ ಕ್ಯಾಥೊಲಿಕ್ ಪುಸ್ತಕವನ್ನೂ ಒಮ್ಮೆ ತಿರುವಿ. 1680ರ ದಶಕದಿಂದ ಏಳು ಕ್ಯಾಥೊಲಿಕ್ ಕುಟುಂಬಗಳಿದ್ದ ಲುಥೆರನ್ ಊರಲ್ಲಿ ಚರ್ಚಿನೊಳಗಿನ ಬಲಿಪೀಠದ ಭಾಗವನ್ನು ಕ್ಯಾಥೊಲಿಕರಿಗೆ ಬಿಟ್ಟುಕೊಡಬೇಕಿತ್ತು. ಒಂದೇ ಕಟ್ಟಡ, ಎರಡು ಪುಸ್ತಕ. ತಾಯಿ ಕ್ಯಾಥೊಲಿಕ್ ಆಗಿದ್ದರೆ ಒಂದು ಮಗು ಆಚೆ ಪುಸ್ತಕದಲ್ಲಿರಬಹುದು. ಅಲ್ಲಿ ಪಾಟ್ರಿನುಸ್, ಮಾಟ್ರಿನಾ ಎಂದು ಬರೆದಿರುವ ಗಾಡ್‌ಫಾದರ್, ಗಾಡ್‌ಮದರ್ ಹೆಸರನ್ನೂ ನಕಲು ಮಾಡಿಕೊಳ್ಳಿ, ಅವರು ಯಾವ ಗಿರಣಿಯವರು ಎಂಬುದು ಪಕ್ಕದಲ್ಲೇ ಇರಬಹುದು.