ಎಂಜಿಬಿ ಬಿಸಿಯಾದ ಮೇಲೆ ದಾರಿ ಮಧ್ಯೆ ನಿಂತುಹೋಗುತ್ತೆ, ಪೆಟ್ರೋಲ್ ಕಡೆ ಎಲ್ಲಾ ನೋಡಿ ಆಯಿತು

ಪ್ರಶ್ನೆ (ವಾಂಟೇಜ್, ಆಕ್ಸ್‌ಫರ್ಡ್‌ಶೈರ್‌ನಿಂದ)

ಎಲ್ಲರಿಗೂ ನಮಸ್ಕಾರ. ನನ್ನದು ಎಂಜಿ ಕಂಪನಿಯ ಹಳೆ ಬ್ರಿಟಿಷ್ ಸ್ಪೋರ್ಟ್ಸ್ ಕಾರು, 1969ರ ಎಂಜಿಬಿ ರೋಡ್‌ಸ್ಟರ್. 1798 ಸಿಸಿ ಎಂಜಿನ್, ಜೋಡಿ ಎಸ್‌ಯು ಎಚ್‌ಎಸ್4 ಕಾರ್ಬುರೇಟರ್. ಮೂರು ವರ್ಷದಿಂದ ಮನೆಯ ಗ್ಯಾರೇಜಿನಲ್ಲೇ ಒಂದೊಂದಾಗಿ ಸರಿ ಮಾಡುತ್ತಾ ಬಂದಿದ್ದೇನೆ. ತುಕ್ಕು ತಿಂದಿದ್ದ ಎರಡೂ ಸಿಲ್ (ಬಾಗಿಲ ಕೆಳಗಿನ ತಗಡು) ಕತ್ತರಿಸಿ ಹೊಸದು ವೆಲ್ಡ್ ಮಾಡಿದೆ. ಬ್ರೇಕ್ ಪೈಪ್ ಬದಲಾಯಿಸಿದೆ. ಎಂಜಿನ್ ತಿರುಗಿಸುತ್ತಿದ್ದ ಹಳೆ ಫ್ಯಾನ್ ತೆಗೆದು ಎಲೆಕ್ಟ್ರಿಕ್ ಫ್ಯಾನ್ ಹಾಕಿದೆ.

ಈಗ ಒಂದೇ ತೊಂದರೆ. ಬೆಳಗ್ಗೆ ಒಂದೇ ಸಲಕ್ಕೆ ಸ್ಟಾರ್ಟ್ ಆಗುತ್ತೆ, 20–25 ನಿಮಿಷ ಚೆನ್ನಾಗಿ ಓಡುತ್ತೆ. ಆಮೇಲೆ ಸ್ವಿಚ್ ಆರಿಸಿದ ಹಾಗೆ ನಿಂತುಬಿಡುತ್ತೆ. ಎಷ್ಟು ಸೆಲ್ಫ್ ಹೊಡೆದರೂ ಇಲ್ಲ. ಅರ್ಧ ಗಂಟೆ ಕಾದರೆ ಏನೂ ಆಗೇ ಇಲ್ಲ ಅನ್ನೋ ಹಾಗೆ ಮತ್ತೆ ಸ್ಟಾರ್ಟ್.

ಬಿಸಿಗೆ ಪೆಟ್ರೋಲ್ ಆವಿಯಾಗುತ್ತಿದೆ ಅಂದುಕೊಂಡೆ. ಪೈಪಿಗೆ ಶಾಖ ತಡೆಯುವ ಪಟ್ಟಿ ಸುತ್ತಿದೆ. ಕಾರ್ಬುರೇಟರ್ ಎರಡನ್ನೂ ಬಿಚ್ಚಿ ಫ್ಲೋಟ್, ನೀಡಲ್ ವಾಲ್ವ್ ಹೊಸದು ಹಾಕಿದೆ. ಹೊಸ ಪಂಪ್ ಕೂರಿಸಿದೆ. ಇ10 ಬಿಟ್ಟು ಎಥೆನಾಲ್ ಕಡಿಮೆ ಇರುವ ಇ5 ಪೆಟ್ರೋಲ್ ಹಾಕಿಸಿದೆ. ಏನೂ ಬದಲಾಗಲಿಲ್ಲ. ಕಳೆದ ಭಾನುವಾರ ಮಗಳನ್ನು ಕೂರಿಸಿಕೊಂಡು ಹೋಗಿದ್ದೆ. ಫ್ಯಾರಿಂಗ್‌ಡನ್ ದಾಟಿದ ಮೇಲೆ ನಿಂತಿತು. ಮಳೆಯಲ್ಲಿ 40 ನಿಮಿಷ ರಸ್ತೆ ಪಕ್ಕದಲ್ಲಿದ್ದೆವು. ಈ ಕಾರು ಹುಟ್ಟಿದ ಆಬಿಂಗ್‌ಡನ್ ನಮ್ಮ ಮನೆಯಿಂದ ಹತ್ತು ಮೈಲಿ ಅಷ್ಟೇ. ಇದನ್ನು ಬಿಟ್ಟುಕೊಡಲು ಮನಸ್ಸಿಲ್ಲ.

ಇಗ್ನಿಷನ್, ಅಂದರೆ ಕಿಡಿ ಕೊಡುವ ಕಡೆ ಅನುಮಾನ ಇಲ್ಲ. ಪಾಯಿಂಟ್ (ಕಿಡಿಗಾಗಿ ಕರೆಂಟ್ ಕಡಿಯುವ ಪುಟ್ಟ ಸ್ವಿಚ್), ಅದರ ಜೊತೆಗಿರುವ ಕಂಡೆನ್ಸರ್, ಕಿಡಿ ಹಂಚುವ ರೋಟರ್, ಕ್ಯಾಪ್, ವೈರ್ ಎಲ್ಲಾ ಮಾರ್ಚ್‌ನಲ್ಲಿ ಹೊಸದು ಹಾಕಿದ್ದೇನೆ.

ಉತ್ತರ (ಬರ್ಮಿಂಗ್‌ಹ್ಯಾಮ್‌ನಿಂದ)

ಒಂದು ವಿಷಯ ನೋಡಿ ಹೇಳಿ ಸರ್. ಕಾರು ನಿಲ್ಲುವ ಹೊತ್ತಿಗೆ ಆರ್‌ಪಿಎಂ ಮುಳ್ಳು ಏನು ಮಾಡುತ್ತೆ? ನಿಮ್ಮ ವರ್ಷದ ಎಂಜಿಬಿಯಲ್ಲಿ ಟ್ಯಾಕೋಮೀಟರ್ ಕೇಬಲ್‌ನಿಂದ ಓಡುವುದಲ್ಲ, ಇಗ್ನಿಷನ್ ವೈರಿನ ಕರೆಂಟ್ ನೋಡಿ ಓಡುತ್ತೆ. ಗೇರಿನಲ್ಲಿ ಇನ್ನೂ ಉರುಳುತ್ತಿರುವಾಗಲೇ ಮುಳ್ಳು ಪಟ್ ಅಂತ ಸೊನ್ನೆಗೆ ಬಿದ್ದರೆ ಪೆಟ್ರೋಲ್ ಕಾರಣ ಅಲ್ಲ, ಕಿಡಿ ಹುಟ್ಟಿಸುವ ಕಾಯಿಲ್‌ನಲ್ಲಿ ಕರೆಂಟ್ ಕಡಿದು ಕಡಿದು ಹರಿಯುವುದು ನಿಂತಿದೆ ಅಂತ. ಎಂಜಿನ್ ವೇಗದ ಜೊತೆಗೇ ನಿಧಾನವಾಗಿ ಇಳಿದರೆ ಪೆಟ್ರೋಲ್ ಇರಬಹುದು, ಇಲ್ಲ ರೋಟರ್ ಇರಬಹುದು. ಈಗ ಸಿಗುವ ಕೆಲವು ರೋಟರ್‌ಗಳಲ್ಲಿ ರಿವೆಟ್ ಮೂಲಕ ಕಿಡಿ ಶಾಫ್ಟಿಗೆ ಹಾರಿಬಿಡುತ್ತೆ.

ಪೆಟ್ರೋಲ್ ಆವಿ ವಿಚಾರ ನನಗೆ ಒಪ್ಪಿಗೆ ಇಲ್ಲ. ಎಂಜಿಬಿ ಪಂಪ್ ಹಿಂದೆ, ಆಕ್ಸಲ್ ಹತ್ತಿರ ಇದೆ. ಅಲ್ಲಿಂದ ಒತ್ತಡದಲ್ಲಿ ಮುಂದಕ್ಕೆ ತಳ್ಳುತ್ತೆ. ಎಕ್ಸಾಸ್ಟ್ ಮೇಲೆಯೇ ಕಾರ್ಬುರೇಟರ್ ಇರುವುದರಿಂದ ಎಂಜಿನ್ ಆರಿಸಿ ಹತ್ತು ನಿಮಿಷ ಬಿಟ್ಟ ಮೇಲೆ ಸ್ಟಾರ್ಟ್ ಕಷ್ಟ ಆಗಬಹುದು. ಗಾಳಿ ಬಡಿಯುತ್ತಾ ಓಡುವಾಗ ಹೀಗೆ ಸಾಯುವುದು ಅಪರೂಪ.

ಆದರೂ ಒಂದು ಸಲ ಖಚಿತ ಮಾಡಿಕೊಳ್ಳಿ. ಎಂಜಿನ್ ತಣ್ಣಗಿರುವಾಗ ಕಾರ್ಬುರೇಟರ್ ಪೈಪ್ ಬಿಚ್ಚಿ ಡಬ್ಬಿಗೆ ಬಿಡಿ. ನಿಮಿಷಕ್ಕೆ ಅರ್ಧ ಲೀಟರಿಗಿಂತ ಜಾಸ್ತಿ, ಗುಳ್ಳೆ ಇಲ್ಲದೆ ಬಂದರೆ ಪಂಪ್ ಸರಿ. ಬಿಸಿ ಎಂಜಿನ್ ಮೇಲೆ ಮಾತ್ರ ಈ ಕೆಲಸ ಬೇಡ. ಪಕ್ಕದಲ್ಲಿ ಬೆಂಕಿ ನಂದಿಸುವ ಸಿಲಿಂಡರ್ ಇಟ್ಟುಕೊಳ್ಳಿ.

ಉತ್ತರ (ಮೈಸೂರಿನಿಂದ)

ನಾನು ಎಂಜಿಬಿ ಮುಟ್ಟಿದವನಲ್ಲ. ಆದರೆ ಅಂಬಾಸಿಡರ್ ಟ್ಯಾಕ್ಸಿಗಳ ಕೆಲಸ ಇಪ್ಪತ್ತು ವರ್ಷ ಮಾಡಿದ್ದೇನೆ. ಅದರ 1489 ಸಿಸಿ ಪೆಟ್ರೋಲ್ ಎಂಜಿನ್ ನಿಮ್ಮ ಎಂಜಿನ್ನಿನ ಮನೆತನದ್ದೇ, ಬಿಎಂಸಿ ಬಿ-ಸೀರೀಸ್. ಅದಕ್ಕೇ ಮಾತಾಡುವ ಧೈರ್ಯ.

ಒಂದೇ ಪ್ರಶ್ನೆ. ಹೊಸ ಸಾಮಾನು ಹಾಕಿದ್ದು ಮಾರ್ಚ್. ಕಾರು ಮೊದಲ ಸಲ ನಿಂತಿದ್ದು ಯಾವಾಗ?

ಪ್ರಶ್ನೆ ಕೇಳಿದವರಿಂದ

ಡಬ್ಬಿ ಪರೀಕ್ಷೆ ಮಾಡಿದೆ. ಧಾರಾಳವಾಗಿ ಬರುತ್ತಿದೆ, ಗುಳ್ಳೆ ಇಲ್ಲ. ಇವತ್ತು ಬೇಕೆಂದೇ ಕಾರು ನಿಲ್ಲುವ ತನಕ ಓಡಿಸಿದೆ. ಮೂರನೇ ಗೇರಿನಲ್ಲಿ ಉರುಳುತ್ತಿದ್ದೆ, ಮುಳ್ಳು ನೇರ ಸೊನ್ನೆಗೆ ಬಿತ್ತು.

ಮೈಸೂರಿನವರ ಪ್ರಶ್ನೆಗೆ: ಮೊದಲು ನಿಂತಿದ್ದು ಏಪ್ರಿಲ್ ಮೊದಲ ವಾರ. ಬರೆಯುವಾಗಲೇ ನನಗೆ ಹೊಳೆಯುತ್ತಿದೆ.

ಉತ್ತರ (ಮೈಸೂರಿನಿಂದ)

ಹಾಗಾದರೆ ತೊಂದರೆ ಡೆಲ್ಕೋ ಒಳಗೇ ಇದೆ. ಪಾಯಿಂಟ್, ಕಂಡೆನ್ಸರ್, ರೋಟರ್ ಇರುವ ಡಿಸ್ಟ್ರಿಬ್ಯೂಟರಿಗೆ ನಮ್ಮ ಕಡೆ ಹಾಗೇ ಅನ್ನುವುದು. ಒಂದು 12 ವೋಲ್ಟ್ ಟೆಸ್ಟ್ ಲ್ಯಾಂಪ್ ಕಾರಿನಲ್ಲಿ ಇಟ್ಟುಕೊಳ್ಳಿ. ಮತ್ತೆ ನಿಂತಾಗ ತಣ್ಣಗಾಗಲು ಬಿಡಬೇಡಿ, ಆಗಲೇ ನೋಡಬೇಕು.

ಕ್ಯಾಪ್ ತೆಗೆದು ಪಾಯಿಂಟ್ ತೆರೆದಿದೆಯಾ ನೋಡಿ. ಮುಚ್ಚಿದ್ದರೆ ನಾಲ್ಕನೇ ಗೇರಿಗೆ ಹಾಕಿ ಕಾರನ್ನು ಸ್ವಲ್ಪ ತಳ್ಳಿ, ತೆರೆದುಕೊಳ್ಳುತ್ತೆ. ಕೀ ಆನ್ ಮಾಡಿ. ಲ್ಯಾಂಪಿನ ಒಂದು ತುದಿ ಬಾಡಿಗೆ, ಇನ್ನೊಂದು ತುದಿ ಕಾಯಿಲ್‌ನಿಂದ ಡೆಲ್ಕೋಗೆ ವೈರ್ ಹೋಗುವ ಕಡೆಯ ಟರ್ಮಿನಲ್‌ಗೆ. ಪಾಯಿಂಟ್ ತೆರೆದಿರುವಾಗ ಲ್ಯಾಂಪ್ ಉರಿಯಲೇಬೇಕು. ಉರಿಯದಿದ್ದರೆ ಮೊದಲು ಕಾಯಿಲ್‌ನ ಇನ್ನೊಂದು ಕಡೆ ಕರೆಂಟ್ ಬರುತ್ತಿದೆಯಾ ನೋಡಿ. ಅಲ್ಲಿ ಇದ್ದು ಇಲ್ಲಿ ಇಲ್ಲ ಅಂದರೆ ಕಾಯಿಲ್ ಒಳಗೇ ಕಡಿದಿರಬೇಕು, ಇಲ್ಲವೇ ಕರೆಂಟ್ ಎಲ್ಲೋ ಬಾಡಿಗೆ ಹರಿದು ಅರ್ತ್ ಆಗುತ್ತಿರಬೇಕು. ಆಗ ಪಾಯಿಂಟ್ ಮೇಲಿನ ನಟ್ ಬಿಚ್ಚಿ ಕಂಡೆನ್ಸರ್ ವೈರ್ ಒಂದನ್ನೇ ಎತ್ತಿ ಪಕ್ಕಕ್ಕಿಟ್ಟು, ಮಿಕ್ಕಿದ್ದನ್ನು ಇದ್ದ ಹಾಗೇ ಕೂರಿಸಿ ಮತ್ತೆ ನೋಡಿ. ಈಗ ಉರಿದರೆ ಕಂಡೆನ್ಸರ್ ಕೆಟ್ಟಿದೆ.

ಆ ನಟ್ ಕೂರಿಸುವಾಗ ಹುಷಾರು. ಎರಡು ವೈರಿನ ಕಣ್ಣೂ ಪಾಯಿಂಟ್ ಸ್ಪ್ರಿಂಗಿಗೆ ತಾಗಬೇಕು, ನಡುವಿನ ಕಂಬಕ್ಕೆ ತಾಗಬಾರದು. ಮಧ್ಯೆ ಪ್ಲಾಸ್ಟಿಕ್ ಬುಷ್ ಇರಲೇಬೇಕು. ಕೀ ಆನ್ ಇಟ್ಟು ಸುಮ್ನೆ ಬಿಡಬೇಡಿ, ಪಾಯಿಂಟ್ ಮುಚ್ಚಿದ್ದರೆ ಕಾಯಿಲ್ ಸುಡುತ್ತೆ.

ಪ್ರಶ್ನೆ ಕೇಳಿದವರಿಂದ

ಸಿಕ್ಕಿತು! ನೀವು ಹೇಳಿದ ಹಾಗೇ ರಸ್ತೆ ಪಕ್ಕದಲ್ಲೇ ನೋಡಿದೆ. ಪಾಯಿಂಟ್ ತೆರೆದಿತ್ತು, ಲ್ಯಾಂಪ್ ಇಲ್ಲ. ಕಾಯಿಲ್‌ನ ಆ ಕಡೆ ಕರೆಂಟ್ ಇತ್ತು. ಕಂಡೆನ್ಸರ್ ವೈರ್ ಎತ್ತಿದ ತಕ್ಷಣ ಲ್ಯಾಂಪ್ ಉರಿಯಿತು. ಕೈ ನಡುಗುತ್ತಿತ್ತು ನನಗೆ. ಮೂರು ತಿಂಗಳು ಪಂಪು, ಕಾರ್ಬುರೇಟರ್ ಅಂತ ಸುತ್ತಿದ್ದೆ.

ಹೊಸ ಕಂಡೆನ್ಸರ್ ಹೀಗೆ ಮಾಡುತ್ತೆ ಅಂತ ನನಗೆ ತಿಳಿದಿರಲಿಲ್ಲ. ಬಿಸಿಗೆ ಮಾತ್ರ ಯಾಕೆ ಕೆಡುತ್ತೆ? ಇದನ್ನೆಲ್ಲ ಬಿಟ್ಟು ಎಲೆಕ್ಟ್ರಾನಿಕ್ ಇಗ್ನಿಷನ್ ಹಾಕಿಬಿಡಲಾ?

ಉತ್ತರ (ಬರ್ಮಿಂಗ್‌ಹ್ಯಾಮ್‌ನಿಂದ)

ತುಂಬಾ ಖುಷಿಯಾಯಿತು ಸರ್.

ಕಂಡೆನ್ಸರ್ ಒಳಗೆ ಲೋಹದ ತೆಳು ಹಾಳೆಗಳು, ನಡುವೆ ಕರೆಂಟ್ ಹರಿಯದ ಪದರ, ಸುರುಳಿ ಸುತ್ತಿ ತುಂಬಿರುತ್ತಾರೆ. ಕಳಪೆ ಮಾಲಾದರೆ ಬಿಸಿಗೆ ಹಿಗ್ಗಿ ಹಾಳೆಗಳು ಒಂದಕ್ಕೊಂದು ತಾಗುತ್ತವೆ, ತಣ್ಣಗಾದರೆ ಬಿಡುತ್ತವೆ. ತಾಗಿದಾಗ ಪಾಯಿಂಟ್ ಸದಾ ಮುಚ್ಚಿದ ಹಾಗೇ ಲೆಕ್ಕ. ಪಾಯಿಂಟ್ ತೆರೆದು ಕರೆಂಟ್ ಕಡಿದರೆ ತಾನೇ ಕಾಯಿಲ್‌ನಲ್ಲಿ ಕಿಡಿ ಹುಟ್ಟುವುದು? ನಿಮ್ಮ ಮುಳ್ಳು ಸೊನ್ನೆಗೆ ಬಿದ್ದಿದ್ದೂ ಅದಕ್ಕೇ.

ನಿಮ್ಮ ಡಿಸ್ಟ್ರಿಬ್ಯೂಟರ್ ಲೂಕಾಸ್ 25ಡಿ4. ಅದಕ್ಕೆ 0.2 ಮೈಕ್ರೋಫ್ಯಾರಡ್ ಸುಮಾರಿನ ಕಂಡೆನ್ಸರ್ ಬೇಕು. ಮೀಟರಿನಲ್ಲಿ ಅಳೆದು ಸರಿ ಇದೆ ಅಂತ ನಂಬಬೇಡಿ, ತಣ್ಣಗಿರುವಾಗ ನಿಮ್ಮದೂ ಸರಿಯೇ ತೋರಿಸಿರುತ್ತೆ. ಹೇರ್ ಡ್ರೈಯರ್‌ನಿಂದ ಬಿಸಿ ಮಾಡುತ್ತಾ ಅಳೆಯಿರಿ. ಮಾರ್ಚ್‌ನಲ್ಲಿ ತೆಗೆದ ಹಳೆಯದನ್ನು ಎಸೆದಿಲ್ಲ ತಾನೆ?

ಎಲೆಕ್ಟ್ರಾನಿಕ್ ಹಾಕಿ ನೆಮ್ಮದಿಯಾಗಿ ಓಡಿಸುವವರು ಬೇಕಾದಷ್ಟು ಜನ ಇದ್ದಾರೆ. ಆದರೆ ಅದು ಕೆಟ್ಟರೆ ರಸ್ತೆಯಲ್ಲಿ ಏನೂ ಮಾಡಲು ಆಗುವುದಿಲ್ಲ. ಹಾಕಿದರೂ ಪಾಯಿಂಟ್ ಪ್ಲೇಟನ್ನು ಸೆಟ್ ಮಾಡಿ ಡಿಕ್ಕಿಯಲ್ಲಿ ಇಡಿ.

ಉತ್ತರ (ಮೈಸೂರಿನಿಂದ)

ನನ್ನ ಕೇಳಿದರೆ ಪಾಯಿಂಟ್ ಇರಲಿ. ಗ್ಯಾಪ್ 15 ಥೌ (ಇಂಚಿನ ಸಾವಿರದಲ್ಲಿ 15 ಪಾಲು) ಇಟ್ಟು, ಪಾಯಿಂಟ್ ತೆರೆಯುವ ಕ್ಯಾಮಿಗೆ ಚೂರೇ ಚೂರು ಗ್ರೀಸ್ ಸವರಿ.

ದಾರಿಯಲ್ಲಿ ಕಂಡೆನ್ಸರ್ ಕೈಕೊಟ್ಟರೆ ಟ್ಯಾಕ್ಸಿಯವರಿಗೆ ನಾವು ಮಾಡಿಕೊಡುತ್ತಿದ್ದುದು ಹೀಗೆ. ಒಳಗಿನ ಕಂಡೆನ್ಸರ್ ವೈರ್ ಬಿಚ್ಚಿ, ಬೇರೆ ಯಾವುದಾದರೂ ಗಾಡಿಯ ಒಳ್ಳೆ ಕಂಡೆನ್ಸರ್‌ನ ವೈರನ್ನು ಕಾಯಿಲ್‌ನ ಡೆಲ್ಕೋ ಕಡೆಯ ಟರ್ಮಿನಲ್‌ಗೆ ಕೊಟ್ಟು, ಅದರ ಬಾಡಿಯನ್ನು ಅರ್ತ್‌ಗೆ ಬಿಗಿಯುವುದು. ಡೆಲ್ಕೋ ಒಳಗಿನ ಬಿಸಿ ತಾಗಲ್ಲ. ಊರು ಮುಟ್ಟುತ್ತೆ.

ಇನ್ನು ಮೇಲೆ ಒಂದೇ ದಿನ ಐದು ಸಾಮಾನು ಬದಲಾಯಿಸಬೇಡಿ. ಒಂದು ಹಾಕಿ, ಎರಡು ದಿನ ಓಡಿಸಿ, ಆಮೇಲೆ ಇನ್ನೊಂದು.

ಪ್ರಶ್ನೆ ಕೇಳಿದವರಿಂದ

ಹಳೆ ಕಂಡೆನ್ಸರ್ ಬಿಸ್ಕತ್ ಡಬ್ಬಿಯಲ್ಲಿ ಇತ್ತು! ತೊಳೆದು ಅದನ್ನೇ ಹಾಕಿದೆ. ಹೇರ್ ಡ್ರೈಯರ್‌ನಲ್ಲಿ ಹತ್ತು ನಿಮಿಷ ಬಿಸಿ ಮಾಡಿದರೂ ಅಳತೆ ಹೆಚ್ಚುಕಡಿಮೆ ಆಗಲಿಲ್ಲ. ಹೊಸದಂತೂ ಎರಡೇ ನಿಮಿಷಕ್ಕೆ ಶಾರ್ಟ್ ತೋರಿಸಿತು. ರೋಟರ್ ಕೂಡ ಹಳೆಯದೇ ಹಾಕೋಣ ಅನ್ನಿಸಿತು, ಆದರೆ ಮೈಸೂರಿನವರ ಮಾತು ನೆನಪಾಗಿ ಅದನ್ನು ಮುಂದಿನ ವಾರಕ್ಕೆ ಬಿಟ್ಟಿದ್ದೇನೆ.

ಇವತ್ತು ಎ417 ಹಿಡಿದು ಫ್ಯಾರಿಂಗ್‌ಡನ್, ಲೆಚ್ಲೇಡ್ ದಾಟಿ ಸೈರನ್‌ಸೆಸ್ಟರ್ ತನಕ ಹೋಗಿಬಂದೆವು. ಟಾಪ್ ಇಳಿಸಿತ್ತು, ಮಗಳು ಪಕ್ಕದಲ್ಲಿದ್ದಳು. ಹೋದ ಸಲ ನಿಂತ ಜಾಗ ಬಂದಾಗ ಇಬ್ಬರೂ ಮಾತು ನಿಲ್ಲಿಸಿ ಮುಳ್ಳನ್ನೇ ನೋಡುತ್ತಿದ್ದೆವು. 3000ದಲ್ಲಿ ಅಲ್ಲಾಡದೆ ನಿಂತಿತ್ತು.

ಟೆಸ್ಟ್ ಲ್ಯಾಂಪ್ ಈಗ ಗ್ಲೋವ್ ಬಾಕ್ಸಿನಲ್ಲೇ ಇದೆ.