ಕಥೆಯ ಆಕಾಶನೌಕೆಗೆ ಎಂಥ ಹೆಸರು ಇಡಲಿ?

ಪೆರ್ಲದ ಕಥೆಗಾರ:
ಎಲ್ಲರಿಗೂ ನಮಸ್ಕಾರ. ನಮ್ಮ ಕಾಸರಗೋಡಿನ ಮಂದಿ ಶನಿಗ್ರಹದ ಉಪಗ್ರಹ ಟೈಟನ್‌ಗೆ ಹೋಗಿ ನೆಲೆಸುವ ಕಥೆ ಬರೆಯುತ್ತಿದ್ದೇನೆ. ನೌಕೆಯ ಹೆಸರು ಮಾತ್ರ ಕೂರುತ್ತಿಲ್ಲ. ಮೊದಲು ‘ಬ್ರಹ್ಮಾಂಡವಿಜಯ’ ಅಂತ ಇಟ್ಟಿದ್ದೆ. ಈಗ ‘ಪಯಸ್ವಿನಿ’ ಕಡೆಗೆ ಮನಸ್ಸು ಹೋಗಿದೆ. ಆದರೆ ನಮ್ಮ ಹೊಳೆ ಗೊತ್ತಿಲ್ಲದವರಿಗೆ ಅದು ನಾಟುತ್ತದಾ? ಶತ್ರುಗಳ ನೌಕೆ ‘ಕಾಲಮೃತ್ಯು’. ಏನಂತೀರಿ?

ಕೋಟಿಕುಳಂ ನಾವಿಕ:
ಪಯಸ್ವಿನಿಯನ್ನೇ ಇಡಿ ತಮ್ಮ. ನಾನು ಸರಕು ಹಡಗುಗಳಲ್ಲಿ ದುಡಿದವನು. ಹೆಸರಿನ ಗುಣ ಗೊತ್ತಾಗುವುದು ರೇಡಿಯೋದಲ್ಲಿ ಕೂಗಿದಾಗ. ಅಪಾಯ ಬಂದರೆ 16ನೇ ಚಾನೆಲ್‌ನಲ್ಲಿ ‘ಮೇಡೇ’ ಅಂತ ಮೂರು ಸಲ, ಹಡಗಿನ ಹೆಸರು ಮೂರು ಸಲ ಹೇಳಬೇಕು. ಗಾಳಿಮಳೆಯ ಗದ್ದಲದಲ್ಲಿ ಬೇರೆ ದೇಶದವನ ಕಿವಿಗೆ ಅದು ಮುಟ್ಟಬೇಕು. ನಿಮ್ಮ ಎರಡು ಹೆಸರನ್ನೂ ಹಾಗೆ ಕೂಗಿ ನೋಡಿ.

ಹಡಗಿನ ಹಿಂಭಾಗದಲ್ಲಿ ಹೆಸರಿನ ಕೆಳಗೆ ಅದು ನೋಂದಣಿಯಾದ ಬಂದರಿನ ಹೆಸರೂ ಇರುತ್ತದೆ. ನಿಮ್ಮ ನೌಕೆಯಲ್ಲಿ ‘ಪಯಸ್ವಿನಿ’, ಅದರಡಿ ‘ಕಾಸರಗೋಡು’ ಅಂತ ಬರೆಸಿ. ಟೈಟನ್‌ನಲ್ಲಿ ಒಬ್ಬರು ಅದನ್ನು ಓದಲಿ. ಹೊಳೆ ಕಾಣದವರಿಗೂ ನಾಟುತ್ತದೆ.

ಇನ್ನೊಂದು ವಿಷಯ. ಹಡಗು ಮಾರಾಟವಾದರೆ ಹೆಸರು ಬದಲಾಗುತ್ತದೆ. ಅಂತರರಾಷ್ಟ್ರೀಯ ಕಡಲ ಸಂಸ್ಥೆಯ ಏಳು ಅಂಕಿಯ ಗುರುತು, ಐಎಂಒ ನಂಬರ್ ಮಾತ್ರ ಕೊನೆಯವರೆಗೂ ಅದೇ. ಹಳೆ ಹೆಸರನ್ನು ವೆಲ್ಡಿಂಗ್‌ನಲ್ಲಿ ಬರೆದಿದ್ದರೆ ಹೊಸ ಬಣ್ಣದ ಅಡಿಯಲ್ಲೂ ಅಕ್ಷರ ಉಬ್ಬಿ ಕಾಣುತ್ತದೆ. ಬಣ್ಣ ಬಳಿಯಲು ಇಳಿದಾಗ ಅಂಥ ಅಕ್ಷರಗಳ ಮೇಲೆ ಕೈಯಾಡಿಸಿದ್ದೇನೆ. ನಿಮ್ಮ ಮಂದಿಗೆ ಹೊಸ ನೌಕೆ ಕಟ್ಟಿಸುವಷ್ಟು ದುಡ್ಡಿದೆಯಾ? ಇಲ್ಲದಿದ್ದರೆ ಹಳೆಯ ಹೆಸರೂ ಒಂದು ಬೇಕಾಗುತ್ತದೆ.

ಬದಿಯಡ್ಕ ಓದುಗ:
ಅಣ್ಣ ಹೇಳಿದ ರೇಡಿಯೋ ಮಾತು ಬಾಹ್ಯಾಕಾಶದಲ್ಲೂ ನಿಜ. 1969ರ ಮೇಯಲ್ಲಿ ಅಪೊಲೊ 10 ಚಂದ್ರನ ಹತ್ತಿರ ಎರಡು ನೌಕೆಯಾಗಿ ಬೇರ್ಪಟ್ಟಿತು. ಕರೆಯಲು ಎರಡು ಹೆಸರು ಬೇಕಿತ್ತು. ಗಗನಯಾತ್ರಿಗಳು ಕಾಮಿಕ್‌ನಿಂದ ‘ಚಾರ್ಲಿ ಬ್ರೌನ್’ ಅನ್ನುವ ಹುಡುಗ, ಅವನ ನಾಯಿ ‘ಸ್ನೂಪಿ’ ಅಂತ ಆರಿಸಿಕೊಂಡರು. ಜುಲೈನ ಅಪೊಲೊ 11ರಲ್ಲಿ ಅದು ಗಂಭೀರವಾಗಿ ‘ಕೊಲಂಬಿಯಾ’, ‘ಈಗಲ್’ ಆಯಿತು. ನನಗೆ ಸ್ನೂಪಿಯೇ ಹೆಚ್ಚು ಇಷ್ಟ. ಒಳಗೆ ಕೂತವರು ಎಂಥವರು ಅಂತ ಆ ಹೆಸರೇ ಹೇಳುತ್ತದೆ. ನಿಮ್ಮ ಕಥೆಯಲ್ಲಿ ಟೈಟನ್‌ಗೆ ಇಳಿಯುವ ಸಣ್ಣ ನೌಕೆ ಇದ್ದರೆ ಅದಕ್ಕೆ ಬೇರೆ ಹೆಸರು ಕೊಡಿ. ಅದನ್ನು ಮಕ್ಕಳು ಇಡಲಿ.

ಉಪ್ಪಳದ ಓದುಗಿ:
‘ಕಾಲಮೃತ್ಯು’ ಖಂಡಿತ ಬೇಡ. ಯಾರೂ ತಮ್ಮ ನೌಕೆಗೆ ಹಾಗೆ ಹೆಸರಿಡುವುದಿಲ್ಲ. ನಮ್ಮ ಯಕ್ಷಗಾನದ ಆಟಗಳಲ್ಲಿ ರಾವಣ ರಂಗಕ್ಕೆ ಬಂದರೆ ತನ್ನ ತಪಸ್ಸು, ಲಂಕೆಯ ವೈಭವ ಹೇಳಿಕೊಳ್ಳುತ್ತಾನೆ, ಅಲ್ವಾ? ಅವನ ಲೆಕ್ಕದಲ್ಲಿ ಅವನೇ ಸರಿ. ಆ ನೌಕೆಗೂ ಅವರೇ ಪ್ರೀತಿಯಿಂದ ಇಟ್ಟ ಹೆಸರು ಇರಲಿ. ‘ಅಭಯ’ ಅನ್ನುವ ನೌಕೆ ಊರು ಸುಡಲು ಬಂದರೆ ನನಗಂತೂ ಜಾಸ್ತಿ ಹೆದರಿಕೆ.

ಪೆರ್ಲದ ಕಥೆಗಾರ:
‘ಅಭಯ’ ತಗೊಂಡೆ ಅಕ್ಕ! ಪಯಸ್ವಿನಿ ಹಳೆಯ ಅದಿರು ನೌಕೆ ಅಂತಲೇ ಮಾಡುತ್ತೇನೆ. ಅಣ್ಣ, ಸರಕು ಕಂಪನಿಗಳು ಹೇಗೆ ಹೆಸರಿಡುತ್ತವೆ?

ಕೋಟಿಕುಳಂ ನಾವಿಕ:
ಎಷ್ಟೋ ಕಂಪನಿಗಳಲ್ಲಿ ಮೊದಲ ಪದ ಒಂದೇ. ಶಿಪ್ಪಿಂಗ್ ಕಾರ್ಪೊರೇಶನ್‌ನವರ ‘ವಿಶ್ವ ಏಕತಾ’, ‘ವಿಶ್ವ ಪ್ರೀತಿ’ ಇಲ್ಲವಾ, ಹಾಗೆ. ನೀವೂ ಒಂದು ಪದ ಹಿಡಿದು ನಾಲ್ಕೈದು ನೌಕೆ ಮಾಡಿ. ಪಯಸ್ವಿನಿಯ ಅಕ್ಕತಂಗಿಯರು ದಾರಿಯಲ್ಲಿ ಎಲ್ಲಾದರೂ ಎದುರಾಗಲಿ.